ವಿನಾಯಿತಿ ಬೇಡವೆಂದ ಸಾಲಗಾರ

ಓದಲು ಸಾಲ ಮಾಡಿದವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಬಾರದು ಎಂದು ಎದೆ ತಟ್ಟಿ ಭಾಷಣ ಮಾಡಿದ ಸಾಲಗಾರ ಈ ಭರತಖಂಡದಲ್ಲಿ ನಾನೊಬ್ಬನೇ ಇರಬೇಕು. ಅದೂ ಮೈಕಿನಲ್ಲಿ, ಹೆಂಡತಿಯ ಎದುರಿಗೆ. ದೇಶಭಕ್ತಿ ಉಕ್ಕಿತ್ತೆಂದು ನೀವು ತಿಳಿದರೆ ನಿಮ್ಮದು ದೊಡ್ಡ ಮನಸ್ಸು. ಉಕ್ಕಿದ್ದು ಭಯ.

ಮೊದಲಿನಿಂದ ಹೇಳುತ್ತೇನೆ. ನಾನು ರಾಯಚೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಸಾಲ ಕಟ್ಟದವರಿಗೆ ನೋಟೀಸು ಬರೆಯುವುದು ನನ್ನ ಕೆಲಸ. ದೇವದುರ್ಗ, ಕಲ್ಲೂರು, ಯಾಪಲದಿನ್ನಿ, ನನ್ನ ಕೈಬರಹ ಮುಟ್ಟದ ಊರಿಲ್ಲ, ನನ್ನನ್ನು ಬೈಯದ ಓಣಿಯಿಲ್ಲ. ಇಂಥ ನಾನು ಬಿ.ಕಾಂ. ಓದಿದ್ದೇ ಸರಕಾರ ಕೊಟ್ಟ ಸಾಲದಿಂದ. (ಬಡ್ಡಿ ಇಲ್ಲ, ನೌಕರಿ ಸಿಕ್ಕಮೇಲೆ ಕಂತಿನಲ್ಲಿ ತೀರಿಸಬೇಕು.) ಅದಕ್ಕೆ ಜಾಮೀನು ಸಹಿ ಹಾಕಿದವರು ಮಾನ್ವಿಯಲ್ಲಿ ಮಾಸ್ತರರಾಗಿದ್ದ ನನ್ನ ಸೋದರಮಾವ ನರಸಿಂಹಾಚಾರ್ಯರು. ಸಹಿ ಹಾಕಿದ ಮೇಲೆ ಹುಡುಗನನ್ನು ಕಣ್ಣೆದುರಿಗೇ ಇಟ್ಟುಕೊಳ್ಳುವುದು ಕ್ಷೇಮವೆಂದೋ ಏನೋ, ಮಗಳು ಅಹಲ್ಯಾಬಾಯಿಯನ್ನೂ ನನಗೇ ಕೊಟ್ಟರು.

ಮದುವೆಯಾದ ತಿಂಗಳೇ ಒಂದು ಏರ್ಪಾಡಾಯಿತು. ಪಗಾರ ಪೂರ್ತಿ ಅವಳ ಕೈಗೆ. ಅದರಲ್ಲಿ ಮೂವತ್ತು ರೂಪಾಯಿ ಮಾತ್ರ 'ಸರಕಾರದ ಕಂತು' ಎಂದು ನನಗೆ ಮರಳಿ ಬರುವುದು. ಮೊದಲ ತಿಂಗಳು ಕಟ್ಟಲೆಂದೇ ಹೊರಟೆ, ದೇವರಾಣೆ. ದಾರಿಯಲ್ಲಿ ವಲಿ ಪಾಷಾನ ಹೋಟೆಲು ಬಂತು. ಬಾಣಲೆಯಲ್ಲಿ ಉಳ್ಳಾಗಡ್ಡಿ ಬಜಿ ತೇಲುತ್ತಿತ್ತು. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಹೊಸ್ತಿಲು ದಾಟುವ ಹಾಗಿಲ್ಲ. ಚಾತುರ್ಮಾಸ್ಯ ಬಂದರಂತೂ ತಿಂಗಳಿಗೊಂದು ಪದಾರ್ಥಕ್ಕೆ ಬಹಿಷ್ಕಾರ. ಆ ತಿಂಗಳು ಕಂತು ತಪ್ಪಿತು. ಸರಕಾರ ಕೇಳಲಿಲ್ಲ. ಮುಂದಿನ ತಿಂಗಳೂ ಕೇಳಲಿಲ್ಲ. ಬಾಡಿಗೆ ಮನೆಯನ್ನು ಎರಡು ಸಲ ಬದಲಿಸಿದ್ದೆನಲ್ಲ, ಇಷ್ಟು ದೊಡ್ಡ ದೇಶದಲ್ಲಿ ನನ್ನನ್ನು ಮರೆತೇಬಿಟ್ಟಿದ್ದಾರೆ ಎಂದುಕೊಂಡೆ. ಹೀಗೆ ಆರು ವರ್ಷ ನೆಮ್ಮದಿಯಾಗಿ ಬಜಿ ತಿಂದೆ.

ಎಂಬತ್ತೊಂದನೆಯ ಇಸವಿಯ ಒಂದು ಮುಂಜಾನೆ ಅಹಲ್ಯಾ ಪತ್ರಿಕೆ ಹಿಡಿದುಕೊಂಡು ಬಂದಳು.

"ಏನ್ರೀ, ಕೇಳಿದ್ರೇನು? ಓದಲಿಕ್ಕೆ ಮಾಡಿದ ಸಾಲದ ಕಂತಿಗೆ ತೆರಿಗಿ ಬಿಡ್ರಿ ಅಂತ ಒಂದು ಪಕ್ಷದವ್ರು ಪಟ್ಟು ಹಿಡದಾರಂತ. ಇನ್ನೊಂದು ಪಕ್ಷದವ್ರು ಬಿಲ್ಕುಲ್ ಆಗೂದಿಲ್ಲ ಅಂತಾರಂತ."

"ಬಡದಾಡ್ಲಿ ಬಿಡು. ಉಪ್ಪಿಟ್ಟಿಗೆ ಉಪ್ಪು ಕಡಿಮಿ ಆಗ್ಯದ."

"ಮ್ಯಾಲ ಹಾಕ್ಕೋರಿ. ಫೆಬ್ರುವರಿ ಪಗಾರದಾಗ ನಿಮಗ ತೆರಿಗಿ ಮುರೀತಾರಲ್ಲ, ಅದ್ರಾಗ ಒಂದಿಷ್ಟು ಉಳೀತದ. ಆರು ವರ್ಷದ ರಸೀದಿ ಎಲ್ಲಾ ಹುಡುಕಿ ಇಡ್ರಿ. ಕೇಳಿದ ಕೂಡಲೆ ತೋರಸಬೇಕು."

ನಾನು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಇಂಥಾ ವಿನಾಯಿತಿ ತಗೊಳ್ಳೋದು ತಪ್ಪು, ಅಹಲ್ಯಾ. ಇದು ತತ್ವದ ಪ್ರಶ್ನಿ."

"ತತ್ವ ಯಾವಾಗಿಂದ ಶುರುವಾತ್ರಿ ನಿಮಗ? ರೇಷನ್ ಕಾರ್ಡಿನ್ಯಾಗ ಸತ್ತ ಅಜ್ಜಿ ಹೆಸರು ಇರಲಿ, ಸಕ್ರಿ ಬರ್ತದ ಅಂದವ್ರು ಯಾರು?"

ಅಂದಿನಿಂದ ಮನೆಯಲ್ಲಿ ಅವಳು ವಿನಾಯಿತಿ ಪಕ್ಷ, ನಾನು ವಿರೋಧ ಪಕ್ಷ. ಊಟಕ್ಕೆ ಕುಳಿತಾಗಲೆಲ್ಲ ಅಧಿವೇಶನ. ಅವಳು "ರಸೀದಿ" ಎಂದರೆ ನಾನು "ರಾಷ್ಟ್ರ" ಎನ್ನುತ್ತಿದ್ದೆ.

ಅಷ್ಟರಲ್ಲಿ ನಮ್ಮ ಓಣಿಯ ವಾಚನಾಲಯದವರು ಇದೇ ವಿಷಯದ ಮೇಲೆ ಚರ್ಚೆ ಇಟ್ಟರು. ಬೇಕು ಎನ್ನಲು ಹನ್ನೊಂದು ಜನ. ಬೇಡ ಎನ್ನಲು ನರಪಿಳ್ಳೆಯೂ ಇಲ್ಲ. ಸಂಚಾಲಕ ವಲಿ ಪಾಷಾ (ಚಹಾದ ಗುತ್ತಿಗೆಯೂ ಅವನದೇ) ನನ್ನ ಹೆಸರು ಬರೆದುಬಿಟ್ಟ. ಊರೇ ಒಪ್ಪಿದ ತತ್ವವನ್ನು ಹೆಂಡತಿ ಒಪ್ಪದೆ ಇರುತ್ತಾಳೆಯೇ? ಒಪ್ಪಿದಳೆಂದರೆ ರಸೀದಿಯ ಮಾತು ಮುಗಿಯಿತು. ನಾನು ಹುಮ್ಮಸ್ಸಿನಿಂದ ಹೂಂ ಎಂದೆ. ಅವಳು ಹುಮ್ಮಸ್ಸಿನಿಂದ ಮಾನ್ವಿಗೆ ಕಾಗದ ಬರೆದಳು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮಾವ ಕೈಚೀಲ ಹಿಡಿದು ಬಂದಿಳಿದರು, ಮಗಳ ಜೊತೆ ಮುಂದಿನ ಸಾಲಿನಲ್ಲೇ ಕುಳಿತರು.

ಅವತ್ತು ನನ್ನ ನಾಲಿಗೆಯ ಮೇಲೆ ಸಾಕ್ಷಾತ್ ಸರಸ್ವತಿ ಕುಣಿದಳು.

"ಸಾಲ ಮಾಡಿದವನು ತಾನೇ ತೀರಿಸಬೇಕು! ವಿನಾಯಿತಿ ಕೇಳುವ ಸಾಲಗಾರ ಮರ್ಯಾದಸ್ಥನಲ್ಲ! ನಾನೂ ಸಾಲಗಾರ. ಆರು ವರ್ಷ, ತಿಂಗಳಿಗೆ ಮೂವತ್ತು ರೂಪಾಯಿ, ಚಹಾ ಬಿಟ್ಟು ಕಟ್ಟಿದ್ದೇನೆ. ಒಂದು ಪೈಸೆಯ ವಿನಾಯಿತಿಯೂ ನನಗೆ ಬೇಡ!"

ವಲಿ ಪಾಷಾನಿಗೆ ಯಾಕೋ ಕೆಮ್ಮು ಬಂತು. ಉಳಿದವರು ಚಪ್ಪಾಳೆ ತಟ್ಟಿದರು. ಅಹಲ್ಯಾ ಎಲ್ಲರಿಗಿಂತ ಹೆಚ್ಚು ತಟ್ಟಿದಳು. ಗೆದ್ದೆ ಎಂದುಕೊಂಡೆ.

ಆಗ ಮಾವ ಎದ್ದು ವೇದಿಕೆಗೆ ಬಂದರು. ಕಣ್ಣುಗಳು ಒದ್ದೆಯಾಗಿದ್ದವು.

"ಗುರುರಾಜ, ನೀ ಸಣ್ಣಾವಿದ್ದಾಗಿಂದ ಸ್ವಾಭಿಮಾನಿ. ನೋಟೀಸು ನಿನಗ ಮುಟ್ಟಲಿಲ್ಲ ಅಂತ, ಜಾಮೀನು ಹಾಕಿದಾಂವ ನಾನು ಅಂತ, ನನಗ ಕಳಿಸಿದ್ರು. ಹೊಸಾ ಸಂಸಾರ, ಕೈ ಬಿಗಿ ಇರಬೇಕು, ಹೇಳಿದ್ರ ಹುಡುಗ ನೊಂದ್ಕೋತಾನ ಅಂತ ನಾನೇ ಪಿಂಚಣಿಯೊಳಗ ಕಟ್ಟಿಕೋತ ಬಂದೀನಿ. ನಿನಗ ವಿನಾಯಿತಿಗೆ ಬೇಕಾಗ್ತಾವ ಅಂತ ರಸೀದಿ ತಂದೆ, ನೋಡು." ಚೀಲದಿಂದ ದಾರ ಕಟ್ಟಿದ ಕಟ್ಟೊಂದು ಹೊರಬಂತು. ಮರುಕ್ಷಣ ಅವರ ದನಿ ಏರಿತು. "ಆದ್ರ ನೀನೂ ಕಟ್ಟೀನಿ ಅಂತಿ! ಅಂದ್ರ ಸರಕಾರ ಒಂದೇ ಸಾಲ ಎರಡು ಸಲ ವಸೂಲಿ ಮಾಡ್ಯದ! ಇದನ್ನ ಸುಮ್ನ ಬಿಡಬಾರದು. ಎಲ್ಲಿ, ನಿನ್ನ ರಸೀದಿ ಕೊಡು!"

ಸಭೆಯ ರಕ್ತ ಕುದಿಯಿತು. ಬೇಕು ಎಂದವರೂ ಬೇಡ ಎಂದವನ ಪರವಾಗಿ ನಿಂತರು. "ಅನ್ಯಾಯ! ನಡೀರಿ, ಡಿ.ಸಿ. ಸಾಹೇಬ್ರ ಬಂಗಲೆಗೇ ಹೋಗಾಣ!" "ಗುರುರಾಜಾಚಾರ್‌ಗೆ ಜೈ!" "ರಸೀದಿ ತರ್ರಿ, ರಸೀದಿ!" ಇಬ್ಬರು ನನ್ನನ್ನು ಹೆಗಲ ಮೇಲೆ ಹೊರಲು ಬಗ್ಗಿಯೂ ಬಿಟ್ಟರು. ನಾನು ಮೈಕಿನ ಕಂಬವನ್ನು ತಬ್ಬಿಕೊಂಡೆ.

ಕೊನೆಗೆ ವಲಿ ಪಾಷಾನಿಗೇ ತಡೆಯಲಿಲ್ಲ.

"ಮಾಸ್ತರ್ ಸಾಬ್, ಸರಕಾರ ಒಂದೇ ಸಲ ತಗೊಂಡದ್ರಿ," ಎಂದ ಸಂಕೋಚದಿಂದ. "ಇನ್ನೊಂದ್ ಸಲ ನಾನ್ ತಗೊಂಡೀನಿ. ಬಜಿಗೆ."

ಗದ್ದಲ ನಿಂತಿತು. ಆಮೇಲೆ ಎದ್ದ ನಗೆ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ನಗದವರು ಇಬ್ಬರೇ, ನನ್ನ ಹೆಂಡತಿ ಮತ್ತು ಮಾವ. ಮಾವ ಬೈಯಲೂ ಇಲ್ಲ. ರಸೀದಿಗಳಿಗೆ ಮತ್ತೆ ದಾರ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಅವರ ಅಂಗಿಯ ಹರಿದ ಕಾಲರನ್ನು ತಿರುವಿ ಹೊಲಿದಿದ್ದನ್ನು ನಾನು ಆಗ ನೋಡಿದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಈ ಒಂದು ಮಾತಿಗೆ ನೀವು ನಗಬೇಡಿ.

ಮನೆಯಲ್ಲಿ ಅಹಲ್ಯಾ ಕೇಳಿದ್ದು ಒಂದೇ ಪ್ರಶ್ನೆ. "ದೇವದುರ್ಗದ ಮಂದಿಗೆಲ್ಲಾ, ಸಾಲಗಾರ ಸಿಗಲಿಲ್ಲ ಅಂದ್ರ ಜಾಮೀನುದಾರಗ ನೋಟೀಸು ಬರೀತೀರಿ. ನಿಮ್ಮ ಜಾಮೀನುದಾರಗೂ ಬರ್ತದ ಅಂತ ಹೊಳೀಲೇ ಇಲ್ಲೇನು?"

ಹೊಳೆದಿರಲಿಲ್ಲ.

ಈಗ ಹೊಸ ಏರ್ಪಾಡು. ಪ್ರತಿ ತಿಂಗಳ ಮೊದಲ ಭಾನುವಾರ ಮಾನ್ವಿಗೆ ಹೋಗಿ ಮಾವನ ಕೈಗೆ ಮೂವತ್ತು ರೂಪಾಯಿ ಕೊಟ್ಟು, ರಸೀದಿ ಬರೆಸಿಕೊಂಡು ಬರಬೇಕು. ಆರು ವರ್ಷ. ಮೊದಲ ಸಲ ಹೊರಟಾಗ ಮೆಲ್ಲಗೆ ಕೇಳಿದೆ: "ಅಹಲ್ಯಾ, ಬಸ್ ಚಾರ್ಜು, ಒಂದು ಕಪ್ಪು ಚಹಾ, ಇಷ್ಟನ್ನಾದ್ರೂ ಕಂತಿನ್ಯಾಗ ಮುರಕೋಲೇನು?"

ಅವಳು ಲಟ್ಟಣಿಗೆಯನ್ನು ಮೈಕಿನಂತೆ ಬಾಯಿಯ ಹತ್ತಿರ ಹಿಡಿದು, ಇನ್ನೊಂದು ಕೈಯಿಂದ ಎದೆ ತಟ್ಟಿದಳು.

"ವಿನಾಯಿತಿ ಕೇಳುವ ಸಾಲಗಾರ ಮರ್ಯಾದಸ್ಥನಲ್ಲ!"

ಅವತ್ತು ಅಷ್ಟೊಂದು ಜನ ಚಪ್ಪಾಳೆ ತಟ್ಟಿದ್ದರು. ನನ್ನ ಭಾಷಣವನ್ನು ಮನಸ್ಸಿಗೆ ಹಚ್ಚಿಕೊಂಡವಳು ಇವಳೊಬ್ಬಳೇ.