ಪಾತೇಲಿಯೊಳಗಿನ ದೀಪ

ಅಂದಾನೆಪ್ಪ ಮಾಸ್ತರರ ಕೈ ಬ್ಯಾಟರಿಯ ಸೆಲ್ಲು ಸತ್ತದ್ದೇ ಅಮೀರಸಾಬನ ಕೇಡಿಗೆ ಮೊದಲಾಯಿತು. ಯುದ್ಧದ ಕಾಲ, ಮುಂಡಗೋಡ ಪೇಟೆಯಲ್ಲಿ ಹೊಸ ಸೆಲ್ಲು ಕಣ್ಣಿಗೂ ಬೀಳುತ್ತಿರಲಿಲ್ಲ. ಬೆಸುಗೆ ಹಾಕಿದರೆ ಜೀವ ಬಂದೀತೇ ಎಂದು ಕೇಳಲು ಮಾಸ್ತರರು, ತಾಮ್ರದ ಪಾತ್ರೆಗೆ ತವರದ ಲೇಪ ಕೊಡುವ ಕಲಾಯಿಗಾರ ಅಮೀರಸಾಬನ ಅಂಗಳಕ್ಕೆ ಬಂದರು.

ಬಹಳ ದಿನದ ಮೇಲೆ ಅಮೀರಸಾಬನಿಗೆ ಅಂದು ಉಸಿರಾಡಲೂ ಪುರುಸೊತ್ತಿರಲಿಲ್ಲ. ಹಳಿಯಾಳದಿಂದ ಬಂದ ಹೊಸ ಕಲಾಯಿಗಾರನೊಬ್ಬ ಗಿರಾಕಿಗಳನ್ನೆಲ್ಲ ಸೆಳೆದುಬಿಟ್ಟಿದ್ದ. ಪಕ್ಕದ ಮನೆಯ ಗುರುಸಿದ್ದವ್ವ ಮಾತ್ರ ಮಗಳ ಮದುವೆ ಅಡುಗೆಗೆಂದು ಹಳೆ ಕಲಾಯಿ ಸವೆದ ಮೂರು ದೊಡ್ಡ ತಾಮ್ರದ ಪಾತೇಲಿ ಕೊಟ್ಟಿದ್ದಳು. "ಇವು ಕನ್ನಡಿ ಹೊಳದಂಗ ಹೊಳದ್ರ, ಇಡೀ ಓಣಿ ಪಾತ್ರಿ ನಿನಗ ನೋಡು ಅಮೀರಣ್ಣಾ" ಎಂದಿದ್ದಳು. ಆ ಮಾತು ನಂಬಿ ಓಣಿಯ ಹೆಂಗಸರು ಆಗಲೇ ತಮ್ಮ ಪಾತ್ರೆಗಳನ್ನೂ ತಂದು ಅಂಗಳದಲ್ಲಿ ಒಟ್ಟಿದ್ದರು. ಮೂರು ಪಾತೇಲಿ ಗೆದ್ದರೆ ಅವನ ಕಸುಬು ಉಳಿದಂತೆ.

ಅಮೀರಸಾಬ ಸೆಲ್ಲನ್ನು ಕತ್ತರಿಯಿಂದ ಸೀಳಿದ. ನಡುವೆ ಇದ್ದಿಲಿನ ಕಡ್ಡಿ, ಸುತ್ತ ಕರಿ ರಾಡಿ, ಹೊರಗೆ ತೂತು ಬಿದ್ದ ಸತುವಿನ ಡಬ್ಬಿ. ಚಿಟಿಕೆ ರಾಡಿ ಕೆಂಡಕ್ಕೆ ಹಾಕಿದ. ಗುರುತಿನ ಬಿಳಿ ಹೊಗೆ ಎದ್ದಿತು.

"ಯಾ ಅಲ್ಲಾ! ಇದು ನಮ್ಮ ನವಸಾಗರದ ಉಪ್ಪು ಅಲ್ಲೇನ್ರಿ! ದಿನಾ ಕಲಾಯಿಗೆ ಹಾಕ್ತೇನಿ."

"ಅದೇ ಮತ್ತ" ಎಂದರು ಮಾಸ್ತರರು. "ನವಸಾಗರದ ನೀರು ಸತುವನ್ನ ತಿಂತೈತಿ. ಸತುವು ಕರಗೂ ಮುಂದ ಹೊರಬಿದ್ದ ಶಕ್ತಿ ತಂತಿಗುಂಟ ಓಡಿ, ದೀಪ ಹತ್ತಿಸಿ, ಆ ಕಡ್ಡಿಗೆ ಹೋಗಿ ಮುಟ್ಟತೈತಿ. ಕಡ್ಡಿ ಬದಲಿ ತಾಮ್ರ ಇದ್ರೂ ನಡೀತೈತಿ. ಸತುವು ಸವೀತು ಅಂದ್ರ ಸೆಲ್ಲು ಸತ್ತಂಗ."

"ಬೆಂಕಿ ಇಲ್ಲದನ ಲೋಹ ಸವದು ಬೆಳಕ ಆಗ್ತೈತಿ ಅನ್ರಿ!" ಅಮೀರಸಾಬನ ಮೈ ಜುಮ್ಮೆಂದಿತು. ಮೂವತ್ತು ವರ್ಷ ತಾಮ್ರ ಮುಟ್ಟಿದ ಕೈ ಅದು. ತಾಮ್ರದೊಳಗೆ ಇಂಥದೊಂದು ಗುಟ್ಟು ಕೂತಿದೆಯೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಇನ್ನು ಕೆಲಸ ನೆನಪಾಗುವುದುಂಟೇ? ತಿಕ್ಕಲು ಹುಣಸೆನೀರು ತುಂಬಿಟ್ಟಿದ್ದ ಮೂರು ಪಾತೇಲಿಗೂ ಹಿಡಿ ಹಿಡಿ ನವಸಾಗರ ಸುರಿದ. ಮನೆಯ ಸತುವಿನ ಲೇಪದ ಬಕೆಟ್ಟನ್ನು ಕತ್ತರಿಸಿ ಮೂರು ತಗಡು ಮಾಡಿ, ತಾಮ್ರಕ್ಕೆ ತಾಗದಂತೆ ಕೋಲಿನಿಂದ ಇಳಿಬಿಟ್ಟ.

"ಇನ್ನ ನೀರು ನಿಮ್ಮ ಟೊಪ್ಪಿಗಿಯಾಗ ಸೇದಲೇನು?" ಎಂದು ಹೆಂಡತಿ ರಹಿಮತಬಿ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ.

ಒಂದರ ತಗಡಿನಿಂದ ಇನ್ನೊಂದರ ತಾಮ್ರಕ್ಕೆ ತಂತಿ ಬಿಗಿದು, ತುದಿಗೆ ಬ್ಯಾಟರಿಯ ಬುರುಡೆ ಹಿಡಿದರು. ಅಂಗಳದ ಮೂಲೆಯ, ತಿದಿ ಊದುವ ಗುಡಿಸಲಿನ ಕತ್ತಲಲ್ಲಿ ಅದರೊಳಗಿನ ಕೂದಲೆಳೆಯಂಥ ತಂತಿ ಕೆಂಪಾಯಿತು, ಹಳದಿಯಾಯಿತು, ಹತ್ತಿಕೊಂಡಿತು. ರಹಿಮತಬಿ ಸೆರಗು ತಲೆ ಮೇಲೆ ಎಳೆದುಕೊಂಡಳು. ಪಾತೇಲಿ ನೋಡಿಹೋಗಲು ಬಂದಿದ್ದ ಗುರುಸಿದ್ದವ್ವ ಕೈ ಮುಗಿದಳು.

ಸುದ್ದಿ ಓಣಿಗೆ ಹಬ್ಬಿತು. ನೆರೆದವರಿಗೆ ಜಾಗ ಮಾಡಲೆಂದು ಗುರುಸಿದ್ದವ್ವ ಪಾತೇಲಿಗಳನ್ನು ಒತ್ತಟ್ಟಿಗೆ ನೂಕಿದಳು, ತಾಮ್ರಕ್ಕೆ ತಾಮ್ರ ತಾಗಿ ದೀಪ ಆರಿತು. ಮಾಸ್ತರರು ಹೌಹಾರಿ ಮತ್ತೆ ಬೇರೆ ಮಾಡಿದರು, ಹತ್ತಿತು. ಇದೂ ಪವಾಡವೇ ಎಂದು ಜನ ಇನ್ನಷ್ಟು ಮುನ್ನುಗ್ಗಿದರು.

ಆಗ ಅಮೀರಸಾಬನಿಗೆ ಹುರುಪು ತಲೆಗೇರಿತು. "ಕಿಲುಬು ಹಿಡದ ಪಾತೇಲಿನ ಇಷ್ಟ ಬೆಳಗಿದ್ರ, ನನ್ನ ಕಲಾಯಿ ಬಿದ್ದ ಮ್ಯಾಲ ಹೆಂಗ ಬೆಳಗ್ತಾವ, ಸಂಜಿಗೆ ನೋಡ್ರಿ!"

ಮಾಸ್ತರರು ಏನೋ ಹೇಳಹೋದರು. ಕೇಳುವವರಾರು? ಯುದ್ಧಕ್ಕೆ ಹೆದರಿ ಜೋಪಾನ ಮಾಡಿದ್ದ ತವರವನ್ನೆಲ್ಲ ಅಮೀರಸಾಬ ಅಂದೇ ಕರಗಿಸಿದ. ಜನ್ಮದಲ್ಲಿ ಅಂಥ ಕಲಾಯಿ ಅವನು ಮಾಡಿರಲಿಲ್ಲ. ಪಾತೇಲಿಯಲ್ಲಿ ಇಣುಕಿದವರಿಗೆ ತಮ್ಮ ಹುಬ್ಬಿನ ಕೂದಲು ಎಣಿಸಬಹುದಿತ್ತು. ಸಂಜೆ ಮತ್ತೆ ಹುಳಿನೀರು, ತಗಡು, ತಂತಿ. ಬುರುಡೆ ಹಿಡಿದ.

ದೀಪ ಹತ್ತಲಿಲ್ಲ.

"ಆಗ ಅದನ್ನೇ ಹೇಳಾಕ ಹೋಗಿದ್ದೆ" ಎಂದರು ಮಾಸ್ತರರು ಮೆಲ್ಲಗೆ. "ಹುಳಿ ತಾಮ್ರಕ್ಕ ಮುಟ್ಟಬೇಕು. ತವರ ಮುಚ್ಚಿದ್ರ ಜೋರು ಸಾಲೂದಿಲ್ಲ."

ಗುರುಸಿದ್ದವ್ವ ಸೊಂಟಕ್ಕೆ ಕೈ ಇಟ್ಟಳು. "ಅಂದ್ರ ಇಷ್ಟು ವರ್ಷ ನನ್ನ ಪಾತೇಲಿಯಾಗಿನ ದೀಪ ಮುಚ್ಚಿಗೋತ ಬಂದೀ ಏನ ಅಮೀರಣ್ಣಾ? ತಗಿ ಮೊದಲು ನಿನ್ನ ಕಲಾಯಿ! ಅಡಗಿಗೆ ಮಣ್ಣಿನ ಗಡಿಗಿ ತರಸ್ತೇನಿ. ಇವು ಮದುವಿ ಹಂದರದಾಗ ಬೆಳಗಲಿ."

"ಅವ್ವಾರ, ಕಲಾಯಿ ಇಲ್ಲದ ತಾಮ್ರದಾಗ ಹುಳಿ ಕುದಿಸಿದ್ರ ವಿಷ ಆಗ್ತೈತ್ರಿ..."

"ಕುದಸೂದ ಇಲ್ಲಲ್ಲ!"

ಅಮೀರಸಾಬ ಮರಳು ಹಾಕಿ ತಿಕ್ಕಿದ. ತೋಳು ಬಿದ್ದುಹೋಗುವ ತನಕ ತಿಕ್ಕಿದ. ಕೆಂಪು ತಾಮ್ರ ಹೊರಬಿತ್ತು, ಬುರುಡೆ ಮತ್ತೆ ಹತ್ತಿತು. ಅಂಥ ಸಂಕಟದಲ್ಲೂ ಅವನು ಬೆರಗಾಗಿ ಒಂದು ಗಳಿಗೆ ಅದನ್ನೇ ನೋಡುತ್ತ ನಿಂತ.

ಆ ಬೆಳಕಿನಲ್ಲಿ ಓಣಿಯ ಹೆಂಗಸರು ರಾಶಿಯಿಂದ ತಮ್ಮ ತಮ್ಮ ಪಾತ್ರೆಗಳನ್ನು ಗುರುತಿಸಿ, ಕಲಾಯಿ ಮಾಡಿಸದೆ ಮನೆಗೆ ಎತ್ತಿಕೊಂಡು ಹೋದರು.