ಹನ್ನೊಂದು ಎಲೆಯ ಹಸಿರು

ರೆಕಾರ್ಡು ಗುಮಾಸ್ತನಿಗೆ ಬಣ್ಣದ ತಿಳಿವಳಿಕೆ ಇರಲಿಲ್ಲ. ಇದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಹೆಮ್ಮೆಪಡಲು ಅವನಿಗೆ ಬೇರೆ ಕಾರಣಗಳಿದ್ದವು. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಕಡತ ಕಳೆದವನಲ್ಲ. ಯಾವ ಇಸವಿಯ ಯಾವ ಕಾಗದ ಕೇಳಿದರೂ ಕಣ್ಣು ಮುಚ್ಚಿಕೊಂಡು ಕೈ ಹಾಕಿ ತೆಗೆದುಕೊಡುತ್ತಿದ್ದ. ಆದರೆ ಆ ಹದಿನಾಲ್ಕು ವರ್ಷವೂ ತಾನು ಕೂತ ಕೋಣೆಯ ಗೋಡೆ ಯಾವ ಬಣ್ಣದ್ದೆಂದು ಯಾರಾದರೂ ಕೇಳಿದ್ದರೆ, ‘ಗೋಡೆಗೆ ಇರೋ ಬಣ್ಣ’ ಎಂದು ಹೇಳಿ ಮುಂದಿನ ಕಡತ ಬಿಚ್ಚುತ್ತಿದ್ದ.

ತೊಂದರೆ ಶುರುವಾದದ್ದು ಶನಿವಾರ ಬೆಳಿಗ್ಗೆ, ಕ್ಷೌರದ ಅಂಗಡಿಯಲ್ಲಿ. ಸರದಿಗೆ ಕಾಯುತ್ತ ಕೂತಿದ್ದಾಗ ಪತ್ರಿಕೆಯ ಪುರವಣಿಯಲ್ಲಿ ‘ಮನೆಯ ಬಣ್ಣಕ್ಕೆ ಪ್ರಕೃತಿಯೇ ಗುರು’ ಎಂಬ ಲೇಖನ ಕಣ್ಣಿಗೆ ಬಿತ್ತು. ಅಂಗಡಿಯ ಬಣ್ಣದ ಪಟ್ಟಿಯನ್ನು ಮುಚ್ಚಿಡಿ, ಒಂದು ಎಲೆಯನ್ನು ನೋಡಿ, ಹೊಳೆಯ ಕಲ್ಲನ್ನು ನೋಡಿ, ನಿಮ್ಮ ಗೋಡೆ ಅಲ್ಲಿದೆ ಎಂದು ಬರೆದಿತ್ತು. ಅಷ್ಟು ಓದುವುದರೊಳಗೆ ಕ್ಷೌರಿಕ ಪುಟದ ಕೆಳಗಿನ ಅರ್ಧವನ್ನು ಪರ್ರನೆ ಹರಿದು ಕತ್ತಿಯ ನೊರೆ ಒರೆಸಿಕೊಂಡ. ಗುಮಾಸ್ತ ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಮೇಲಿನ ಅರ್ಧವೇ ಧಾರಾಳವಾಗಿತ್ತು.

ಆಫೀಸಿಗೆ ಹೋದವನೇ ಘೋಷಿಸಿದ: “ನಾಳೆ ನಮ್ಮ ಮನೆ ಮುಂದಿನ ಕೋಣೆಗೆ ಬಣ್ಣ ಹೊಡೆಸ್ತಿದೀನಿ. ಯಾವ ಅಂಗಡಿ ಪಟ್ಟಿಯಲ್ಲೂ ಇರದ ಬಣ್ಣ. ನೇರ ಪ್ರಕೃತಿಯಿಂದ.”

ಟೈಪಿಸ್ಟಮ್ಮ ತಲೆ ಎತ್ತದೆ ಕೇಳಿದಳು: “ಮೊನ್ನೆ ಕಂದು ಪ್ಯಾಂಟಿಗೆ ನೇರಳೆ ಶರ್ಟು ಹಾಕ್ಕೊಂಡು ಬಂದೋರು ನೀವೇ ಅಲ್ವೇನ್ರಿ?”

ಇಡೀ ಕೋಣೆ ನಕ್ಕಿತು. ಗುಮಾಸ್ತನ ಕಿವಿ ಬಿಸಿಯಾಯಿತು.

“ನಾಳೆ ಸಂಜೆ ಐದಕ್ಕೆ ಬನ್ರಿ, ನೋಡಿ ಆಮೇಲೆ ಮಾತಾಡಿ. ಸಾಹೇಬ್ರೂ ಬರಬೇಕು.”

ಸಾಹೇಬರು ಒಪ್ಪಿಬಿಟ್ಟರು. ರೆಕಾರ್ಡು ಕೋಣೆಯ ಮಾಳಿಗೆ ಸೋರುತ್ತಿದೆ, ಹಳೆಯ ಕಡತಗಳಿಗೆ ಬೇರೆ ಜಾಗ ಹುಡುಕಿ ಎಂದು ಮೇಲಿನವರು ಮೂರು ತಿಂಗಳಿಂದ ಅವರ ಪ್ರಾಣ ತಿನ್ನುತ್ತಿದ್ದರು. ಒಂದು ಸಂಜೆಯಾದರೂ ಅದನ್ನು ಮರೆಯೋಣ ಎಂದು ಅವರ ಲೆಕ್ಕ.

ಭಾನುವಾರ ಬೆಳಿಗ್ಗೆ ಎದ್ದಾಗ ಗುಮಾಸ್ತನಿಗೆ ತನ್ನ ಬಣ್ಣ ಕಿಟಕಿಯಲ್ಲೇ ಸಿಕ್ಕಿತು. ಅಲ್ಲಿ ಹೆಂಡತಿಯ ಕುಂಡದ ಗಿಡವಿತ್ತು. ಅವಳ ಅಕ್ಕ ಕೊಟ್ಟ ಕಡ್ಡಿಯಿಂದ ಬಂದದ್ದು, ಹೆಸರು ಅಕ್ಕನಿಗೂ ಗೊತ್ತಿಲ್ಲ. ಹನ್ನೊಂದು ಎಲೆ, ಒಂದೊಂದೂ ತೆಳ್ಳಗೆ ಮಗುವಿನ ಕಿವಿಯ ಹಾಗೆ. ಅವುಗಳ ಹಿಂದಿನಿಂದ ಬಿಸಿಲು ಬಂದು, ಒಳಗೆ ದೀಪ ಹಚ್ಚಿಟ್ಟಂತೆ ಹಸಿರು ಹೊಳೆಯುತ್ತಿತ್ತು.

“ಇದೇ!” ಎಂದ ಗುಮಾಸ್ತ.

ಹೆಂಡತಿ ಅಕ್ಕನ ಮನೆಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. “ಯಾವುದು?”

“ನಮ್ಮ ಗೋಡೆ.”

“ಗೋಡೆಗೆ ಏನಾದ್ರೂ ಬಳ್ಕೊಳ್ಳಿ. ಗಿಡಕ್ಕೆ ಮಾತ್ರ ನೀರು ಹಾಕೋದು ಮರೀಬೇಡಿ. ಸಂಜೆ ಬರ್ತೀನಿ.”

ಅವಳು ತಿರುವಿನಲ್ಲಿ ಮರೆಯಾದ ಮೇಲೆ ಗುಮಾಸ್ತ ಒಂದು ಎಲೆ ಕಿತ್ತು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಬಣ್ಣದ ಅಂಗಡಿ ಎರಡು ನಿಲ್ದಾಣ ಆಚೆಗಿತ್ತು. ಅಲ್ಲಿ ಹೊಸದೊಂದು ಯಂತ್ರ ಬಂದಿತ್ತು. ಯಾವ ವಸ್ತುವನ್ನಾದರೂ ಅದರ ಗಾಜಿನ ಕೆಳಗಿಟ್ಟರೆ ಬಣ್ಣ ಅಳೆದು, ಅದೇ ಬಣ್ಣ ಕಲಸಿಕೊಡುತ್ತಿತ್ತು. ಗುಮಾಸ್ತ ಗೆದ್ದವನ ಗತ್ತಿನಲ್ಲಿ ಜೇಬಿಗೆ ಕೈ ಹಾಕಿದ. ಬಸ್ಸಿನ ನೂಕುನುಗ್ಗಲಿಗೂ ಎದೆಯ ಬೆವರಿಗೂ ಸಿಕ್ಕಿದ ಎಲೆ, ನೆನೆದ ಬಸ್ಸಿನ ಟಿಕೆಟ್ಟಿನಂತೆ ಸುರುಳಿಯಾಗಿ ಹೊರಗೆ ಬಂತು.

“ಸಾರ್, ಇದು ಯಾವತ್ತಿನ ಎಲೆ?” ಎಂದ ಅಂಗಡಿಯವನು.

“ಈವತ್ತಿನದೇ ಕಣ್ರೀ!”

“ಯಂತ್ರ ಕಂದು ಅಂತಿದೆ. ಒಂದು ಗಂಟೆಗೆ ಬಾಗಿಲು ಹಾಕ್ತೀನಿ. ಅಷ್ಟರೊಳಗೆ ತಾಜಾ ತನ್ನಿ.”

ಎರಡನೆಯ ಎಲೆಯನ್ನು ಗುಮಾಸ್ತ ಬುದ್ಧಿವಂತಿಕೆಯಿಂದ ಒದ್ದೆ ಪತ್ರಿಕೆಯಲ್ಲಿ ಸುತ್ತಿದ. ಅಂಗಡಿಯಲ್ಲಿ ಬಿಚ್ಚಿದಾಗ ಎಲೆ ತಾಜಾ ಇತ್ತು. ಅದರ ಮೇಲೆ ಹವಾಮಾನ ವರದಿ ತಿರುಗುಮುರುಗಾಗಿ ಅಚ್ಚಾಗಿತ್ತು. ಯಂತ್ರ ಬೂದು ಎಂದಿತು.

ಮೂರನೆಯ ಎಲೆಯನ್ನು ಲೋಟದ ನೀರಿನಲ್ಲಿ ನಿಲ್ಲಿಸಿ, ಎರಡು ಕೈಯಲ್ಲೂ ಹಿಡಿದು, ತುಂಬಿದ ಪರೀಕ್ಷಾ ನಳಿಕೆ ಹೊತ್ತ ವಿಜ್ಞಾನಿಯಂತೆ ಮೆಟ್ಟಿಲಿಳಿದ. ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನಲ್ಲೇ ಅಡ್ಡ ಹಾಕಿದರು. ನಿವೃತ್ತಿಯಾದ ಮೇಲೆ ಅವರಿಗೆ ಬೀದಿಯೇ ತರಗತಿ.

“ಏನಯ್ಯಾ, ಬೆಳಿಗ್ಗೆಯಿಂದ ಸೊಪ್ಪು ಹೊತ್ಕೊಂಡು ಓಡಾಡ್ತಿದೀಯಾ! ಮೇಕೆ ಸಾಕಿದೀಯೇನು?”

“ಬಣ್ಣಕ್ಕೆ, ಮೇಷ್ಟ್ರೇ. ಗೋಡೆ ಬಣ್ಣಕ್ಕೆ. ನಿನ್ನೆ ಪುರವಣಿಯಲ್ಲಿ ಲೇಖನ ಬಂದಿತ್ತಲ್ಲ, ಹಾಗೆ.”

“ಯಾವ ಗಿಡ ಇದು?” ಎನ್ನುತ್ತ ಮೇಷ್ಟ್ರು ಎಲೆಯನ್ನು ಲೋಟದಿಂದ ಎತ್ತಿ, ಬೆರಳಲ್ಲಿ ಹೊಸಕಿ, ಮೂಸಿ ನೋಡಿದರು. “ಗೊತ್ತಾಗ್ಲಿಲ್ಲ. ಇನ್ನೊಂದು ಕೊಡು.”

ಒಳಗೆ ಬಂದು ತಾವೇ ಇನ್ನೊಂದು ಕಿತ್ತು ಅಗಿದರು. ಇನ್ನೂ ಒಂದನ್ನು ಕಿತ್ತು ಬೆಳಕಿಗೆ ಹಿಡಿದು ನರ ಎಣಿಸಿದರು. ಕೊನೆಗೆ ಗಂಭೀರವಾಗಿ ತೀರ್ಪು ಕೊಟ್ಟರು: “ಇದು ಗಿಡ. ಅಷ್ಟಂತೂ ಖಂಡಿತ.”

ಆರು ಎಲೆ ಉಳಿದವು. ಗಂಟೆ ಹನ್ನೆರಡು ದಾಟಿತ್ತು.

“ನೋಡಯ್ಯಾ, ಒಂದೊಂದೇ ಎಲೆ ಯಾಕೆ ಒಯ್ತೀಯ? ಕುಂಡಾನೇ ಒಯ್ದುಬಿಡು. ಬೇರಿನ ಸಮೇತ ಹೋದ್ರೆ ಬಾಡೋ ಮಾತೇ ಇಲ್ಲ,” ಎಂದರು ಮೇಷ್ಟ್ರು.

ಗುಮಾಸ್ತನಿಗೆ ಇದು ಅಂದಿನ ಮೊದಲ ಬುದ್ಧಿಮಾತು ಎನ್ನಿಸಿತು. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತ. ಒಂದು ಗಂಟೆಯೊಳಗೆ ಮುಟ್ಟಿಸಪ್ಪಾ ಎಂದದ್ದೇ ತಪ್ಪಾಯಿತು. ಆಟೋದವನು ಹಳ್ಳ ಯಾವುದು ರಸ್ತೆ ಯಾವುದು ಎಂಬ ಭೇದ ಬಿಟ್ಟ. ಪ್ರತಿ ಕುಲುಕಿಗೂ ಗಿಡ ಮುನಿದ ಅತ್ತೆಯಂತೆ ತಲೆ ಒದರಿತು. ಎರಡು ಎಲೆ ಗಾಳಿಗೆ ಹಾರಿದವು. ಇನ್ನೊಂದನ್ನು ಪಕ್ಕಕ್ಕೆ ಬಂದು ನಿಂತ ಬಸ್ಸಿನ ಕಿಟಕಿಯಿಂದ ಒಂದು ಮಗು ಕೈ ಚಾಚಿ ಕಿತ್ತುಕೊಂಡಿತು.

ಮೂರು ಎಲೆಯ ಗಿಡವನ್ನು ಗುಮಾಸ್ತ ಮೇಜಿನ ಮೇಲಿಟ್ಟಾಗ ಅಂಗಡಿಯವನು ಅರ್ಧ ಬಾಗಿಲು ಎಳೆದಾಗಿತ್ತು.

“ಕುಂಡ ಯಂತ್ರದ ಕೆಳಗೆ ಹಿಡಿಸಲ್ಲ ಸಾರ್,” ಎಂದವನೇ ಕತ್ತರಿ ತೆಗೆದು ಕಚ್ ಕಚ್ ಕಚ್ ಎನ್ನಿಸಿದ. ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಕುಂಡದಲ್ಲಿ ಒಂದು ಕಡ್ಡಿ ನಿಂತಿತ್ತು.

“ಒಂದೊಂದು ಎಲೆಗೂ ಒಂದೊಂದು ಹಸಿರು ತೋರಿಸ್ತಿದೆ ಸಾರ್. ಯಾವುದು ಬೇಕು?”

“ಬಿಸಿಲು ಹಿಂದಿನಿಂದ ಬಂದಾಗ ಇರುತ್ತಲ್ಲ, ಅದು.”

“ಯಂತ್ರಕ್ಕೆ ಮುಂದಿನಿಂದ ಮಾತ್ರ ಕಾಣೋದು. ಮೂರರ ಸರಾಸರಿ ಹಾಕ್ಲಾ?”

ಸರಾಸರಿ ಎಂಬ ಮಾತು ಗುಮಾಸ್ತನಿಗೆ ಹಿಡಿಸಿತು. ಅದರಲ್ಲಿ ಕಚೇರಿಯ ಶಿಸ್ತಿತ್ತು. “ಹಾಕ್ರಿ.”

ಕಲಸಲು ಬೇಕಾದ ಬಿಳಿ ಬಣ್ಣ ಒಂದೇ ಡಬ್ಬ ಉಳಿದಿತ್ತು. ಅದರಲ್ಲಿ ಕಲಸಿದಷ್ಟನ್ನೇ ಕುಂಡದ ಜೊತೆ ಮನೆಗೆ ತಂದ.

ಮನೆಯಲ್ಲಿ ಪೇಂಟರು ಹನ್ನೊಂದರಿಂದ ಏಣಿಯ ಮೇಲೆ ಕೂತು ಕಾಯುತ್ತಿದ್ದ. ಡಬ್ಬ ತೆರೆದು, ಕೋಲಿನಿಂದ ಕಲಕಿ, ತಲೆ ಓರೆ ಮಾಡಿದ.

“ಸಾರ್, ಈ ಬಣ್ಣ ಎಲ್ಲೋ ನೋಡಿದೀನಿ.”

“ಪ್ರಕೃತಿಯಲ್ಲಿ ನೋಡಿರ್ತೀಯ.”

“ಇರಬೌದು ಸಾರ್. ನಾನು ಆ ಕಡೆ ಹೋಗೋದು ಕಮ್ಮಿ.”

ಕೆಲಸ ಚುರುಕಾಗಿ ಸಾಗಿತು. ಮೂರು ಗಂಟೆಗೆ ಡಬ್ಬ ಬರಿದಾಯಿತು. ಹಸಿರು ನಾಲ್ಕು ಗೋಡೆಗೂ ಎದೆಯ ಎತ್ತರಕ್ಕೆ ಬಂದು ನಿಂತಿತ್ತು. ಮೇಲಿನದು ಹಳೆಯ ಸುಣ್ಣದ ಮಾಸಲು ಬಿಳಿ.

“ಅಯ್ಯೋ! ಈಗೇನಪ್ಪಾ ಮಾಡೋದು? ಐದಕ್ಕೆ ಸಾಹೇಬ್ರು ಬರ್ತಾರೆ!”

“ಚಿಂತೆ ಬಿಡಿ ಸಾರ್. ನನ್ನತ್ರ ಬಾಗಿಲಿಗೆ ಹೊಡೆಯೋ ಕಂದು ಸ್ವಲ್ಪ ಉಳಿದಿದೆ. ಹಸಿರಿಗೂ ಬಿಳಿಗೂ ನಡುವೆ ಎರಡು ಬೆರಳು ಪಟ್ಟಿ ಎಳೆದುಬಿಡ್ತೀನಿ. ಬೇಕು ಅಂತಲೇ ನಿಲ್ಲಿಸಿದ ಹಾಗೆ ಕಾಣುತ್ತೆ.”

ಪಟ್ಟಿ ಎಳೆದ. ನಿಜಕ್ಕೂ ನೇರವಾಗಿ ಬಂತು. ಗುಮಾಸ್ತ ಹಿಂದೆ ಸರಿದು, ಸೊಂಟಕ್ಕೆ ಕೈಯಿಟ್ಟು ನೋಡಿದ. ಕೆಳಗೆ ಎಲೆ, ನಡುವೆ ಕೊಂಬೆ, ಮೇಲೆ ಮೋಡ! ಎದೆ ಉಬ್ಬಿತು. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ಕೋಣೆಯಲ್ಲಿ ನಿಂತರೆ ಎಷ್ಟೋ ವರ್ಷದಿಂದ ಅಲ್ಲೇ ಇದ್ದವನ ನೆಮ್ಮದಿ. ಪ್ರಕೃತಿಯ ಗುಣವೇ ಇದು ಅಂದುಕೊಂಡ.

ಅಷ್ಟರಲ್ಲಿ ಮೇಷ್ಟ್ರು ಪತ್ರಿಕೆ ಹಿಡಿದುಕೊಂಡು ಬಂದರು. “ನೀನು ಹೇಳಿದ ಲೇಖನ ಹುಡುಕಿದೆ ಕಣಯ್ಯಾ. ಕೆಳಗಿನ ಅರ್ಧ ಕೇಳು: ‘ಎಚ್ಚರಿಕೆ. ಎಲೆಯನ್ನು ಕೀಳದೆ ಗಿಡದಲ್ಲೇ ನೋಡಿ. ಎಲೆಯಲ್ಲಿ ಚೆಂದ ಕಂಡ ಹಸಿರು ಗೋಡೆ ತುಂಬ ಬೇರೆಯೇ ಕಾಣುತ್ತದೆ. ಮೊದಲು ಅಂಗೈಯಗಲ ಹಚ್ಚಿ, ಒಣಗಲು ಬಿಟ್ಟು, ಒಂದು ದಿನ ಯೋಚಿಸಿ.’”

“ಇದನ್ನ ಬೆಳಿಗ್ಗೆ ಹೇಳಬಾರದಿತ್ತಾ ಮೇಷ್ಟ್ರೇ?”

“ಬೆಳಿಗ್ಗೆ ನೀನು ಕೇಳಲಿಲ್ಲ.”

ಐದು ಗಂಟೆಗೆ ಸರಿಯಾಗಿ ಸಾಹೇಬರು ಬಂದರು. ಅವರ ಹಿಂದೆ ಟೈಪಿಸ್ಟಮ್ಮ. ಬಾಗಿಲಲ್ಲಿ ಸಾಹೇಬರ ಮುಖದಲ್ಲಿ ಭಾನುವಾರದ ನಗುವಿತ್ತು. ಎರಡು ಹೆಜ್ಜೆ ಒಳಗಿಟ್ಟರು, ನಗು ಹೋಯಿತು. ಹಣೆಗೆ ಮೂರು ಗೆರೆ ಬಂದವು. ಕೈ ತನ್ನಷ್ಟಕ್ಕೆ ಜೇಬಿನ ಪೆನ್ನು ಹುಡುಕಿತು.

“ಆ ಮೂರನೇ ಕಂತಿನ ವರದಿ ಹೋಯ್ತೇನ್ರಿ?”

“ನಾಳೆ ಹೋಗುತ್ತೆ ಸಾರ್,” ಎಂದ ಗುಮಾಸ್ತ. ಹಾಗೆ ಅಂದಮೇಲೆ ತಾನು ಯಾಕೆ ಕೈ ಕಟ್ಟಿ ನಿಂತೆ ಎಂದು ಯೋಚಿಸಿದ.

ಟೈಪಿಸ್ಟಮ್ಮ ಕುರ್ಚಿಯಲ್ಲಿ ಕೂತು ಆಕಳಿಸಿ ಬೆರಳು ನೀವಿಕೊಂಡಳು. ಆಮೇಲೆ ಗೋಡೆ ನೋಡಿದಳು. ಪಟ್ಟಿ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು.

“ಅಯ್ಯೋ ನಮ್ಮಪ್ಪಾ! ಸಾರ್, ಇದು ನಮ್ಮ ರೆಕಾರ್ಡು ಕೋಣೆ!”

ಏಣಿ ಮಡಚುತ್ತಿದ್ದ ಪೇಂಟರು ಹಣೆ ಚಚ್ಚಿಕೊಂಡ. “ಅದೇ ಸಾರ್! ಆರು ವರ್ಷದ ಹಿಂದೆ ನಿಮ್ಮ ಆಫೀಸಿಗೆ ಹೊಡೆದಿದ್ದು ನಾನೇ! ಪಟ್ಟೀನೂ ಇದೇ ಪಟ್ಟಿ!”

ಗುಮಾಸ್ತ ಗೋಡೆಯ ಕಡೆ ತಿರುಗಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅದನ್ನು ನೋಡಿದ. ಹೌದು. ಅದೇ ಹಸಿರು, ಅದೇ ಕಂದು, ಅದೇ ಬಿಳಿ. ಬಾಗಿಲ ಮೇಲೆ ಒಂದು ನಂಬರು ಬರೆದರೆ ಮುಗಿಯಿತು.

ಟೈಪಿಸ್ಟಮ್ಮನ ಭುಜ ಕುಲುಕುತ್ತಿತ್ತು. ಇನ್ನು ಅರ್ಧ ಗಳಿಗೆಯಲ್ಲಿ ನಗು ಹೊರಗೆ ಬೀಳುತ್ತದೆ, ಬೆಳಿಗ್ಗೆ ಹತ್ತಕ್ಕೆ ಇಡೀ ಆಫೀಸು ನಗುತ್ತದೆ. ಗುಮಾಸ್ತ ನೆಟ್ಟಗೆ ನಿಂತ. ಕತ್ತು ಎತ್ತಿದ.

“ಬೇಕು ಅಂತಲೇ ಮಾಡಿಸಿದ್ದು ಸಾರ್.”

“ಏನಂದ್ರಿ?”

“ಹದಿನಾಲ್ಕು ವರ್ಷ ಅನ್ನ ಕೊಟ್ಟ ಗೋಡೆ ಸಾರ್. ಭಾನುವಾರ ಒಂದಿನ ಅದನ್ನ ಬಿಟ್ಟಿರೋಕೆ ಆಗಲ್ಲ.”

ಟೈಪಿಸ್ಟಮ್ಮನ ನಗು ಗಂಟಲಲ್ಲೇ ಒಣಗಿತು. ಸಾಹೇಬರ ಕಣ್ಣು ತುಂಬಿತು. ಗುಮಾಸ್ತನ ಎರಡೂ ಕೈ ಹಿಡಿದುಕೊಂಡರು.

“ಇಂಥ ನಿಷ್ಠೆ ನಾನು ನನ್ನ ಸರ್ವಿಸ್ಸಿನಲ್ಲೇ ನೋಡಿಲ್ಲ ಕಣ್ರೀ!”

ಗುಮಾಸ್ತನ ಎದೆ ಮತ್ತೆ ಉಬ್ಬಿತು. ಟೈಪಿಸ್ಟಮ್ಮನ ಕಡೆ ಒಂದು ನೋಟ ಬೀರಿದ. ಸಾಹೇಬರು ಕೈ ಬಿಟ್ಟು ಕೋಣೆಯನ್ನು ಮೂಲೆಯಿಂದ ಮೂಲೆಗೆ ಹೆಜ್ಜೆ ಹಾಕಿ ಅಳೆದರು. ತಲೆ ಎತ್ತಿ ಮಾಳಿಗೆ ನೋಡಿದರು.

“ಸೋರಲ್ಲ ತಾನೇ?”

“ಒಂದು ಹನಿ ಇಲ್ಲ ಸಾರ್,” ಎಂದ ಗುಮಾಸ್ತ ಅದೇ ಹೆಮ್ಮೆಯಲ್ಲಿ.

“ಹಾಗಾದ್ರೆ ದೇವರು ಕಣ್ಣು ಬಿಟ್ಟ. ರಿಪೇರಿ ಮುಗಿಯೋವರೆಗೆ ಹಳೇ ಕಡತ ಎಲ್ಲಾ ಇಲ್ಲಿಗೆ ಕಳಿಸ್ತೀನಿ. ಮುನ್ನೂರ ನಲವತ್ತು ಕಟ್ಟು. ನಿಮ್ಮಷ್ಟು ಚೆನ್ನಾಗಿ ಇನ್ಯಾರು ನೋಡ್ಕೋತಾರೆ?”

ಇಲ್ಲವೆನ್ನಲು ಗುಮಾಸ್ತ ಬಾಯಿ ತೆರೆದ. ಆಗಲೇ ಆಡಿದ ಮಾತು ಅಡ್ಡ ಬಂತು. ಟೈಪಿಸ್ಟಮ್ಮ ಅವನ ಬಾಯನ್ನೇ ನೋಡುತ್ತಿದ್ದಳು.

“ಸಂತೋಷ ಸಾರ್,” ಎಂದ.

ಹೆಂಡತಿ ಬಾಗಿಲಲ್ಲಿ ನಿಂತು ಕೊನೆಯ ಎರಡು ಮಾತು ಕೇಳಿಸಿಕೊಂಡಿದ್ದಳು. ಕಿಟಕಿಯ ಹತ್ತಿರ ಹೋಗಿ ಕುಂಡದೊಳಗಿನ ಕಡ್ಡಿಯನ್ನು ನೋಡಿದಳು.

“ನೀರು ಹಾಕಿದ್ರಾ?” ಎಂದಳು.

ಸೋಮವಾರ ಮಧ್ಯಾಹ್ನಕ್ಕೆ ಲಾರಿ ಬಂತು. ಕಟ್ಟುಗಳನ್ನೆಲ್ಲ ಗುಮಾಸ್ತನೇ ಇಸವಿವಾರು ಜೋಡಿಸಿದ. ಅವು ಎದೆಯ ಎತ್ತರವನ್ನೂ ದಾಟಿ, ಕಂದು ಪಟ್ಟಿಯನ್ನೂ ಮುಚ್ಚಿ, ಮಾಳಿಗೆ ಮುಟ್ಟಿದವು. ಹಸಿರು ಎಲ್ಲೂ ಕಾಣಲಿಲ್ಲ. ಕಡತ ಒಂದೂ ಕಳೆಯಲಿಲ್ಲ. ಕಳೆದದ್ದು ಹನ್ನೊಂದು ಎಲೆ, ಒಂದು ಭಾನುವಾರ, ಎರಡು ಕುರ್ಚಿ, ಒಂದು ಕಿಟಕಿ ಮತ್ತು ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆ.