ಈಜುಕೊಳಕ್ಕೆ ಎಣ್ಣೆಸ್ನಾನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಂಟು ತಿಂಗಳ ಮಗಳನ್ನು ಈಜುಕೊಳಕ್ಕೆ ಇಳಿಸುವ ಮೊದಲು ಅವಳ ಮೈತುಂಬ ತೆಂಗಿನೆಣ್ಣೆ ಹಚ್ಚಿದವನು ನಾನೇ. ಯಾರೂ ಹೇಳಿಕೊಟ್ಟಿದ್ದಲ್ಲ. ಸ್ವಂತ ಬುದ್ಧಿ!

ಹಾಗೆಂದು ತೀರಾ ಆಧಾರವಿಲ್ಲದ ಬುದ್ಧಿಯೂ ಅಲ್ಲ. ನಮ್ಮ ಕಡೆ ಎಣ್ಣೆ ಹಚ್ಚದೆ ಕೂಸಿಗೆ ನೀರು ಮುಟ್ಟಿಸುವುದಿಲ್ಲ. ಹೆಂಡತಿ ವೀಣಾಳ ಬಾಣಂತನ ಅಂಕೋಲಾದ ತವರಿನಲ್ಲಿ ಆಯಿತು. ಅಲ್ಲಿ ನಮ್ಮತ್ತೆ ದಿನಾ ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಒಂದು ಬಟ್ಟಲು ಎಣ್ಣೆ ತಿಕ್ಕಿ, ಆಮೇಲೆ ಒಂದು ಬಕೆಟ್ ಬಿಸಿನೀರು ಹೊಯ್ಯುತ್ತಿದ್ದರು. ಇದನ್ನೆಲ್ಲ ಕೂಲಂಕಷವಾಗಿ ನೋಡಿದ ನಾನು ಆ ಶನಿವಾರ ಒಂದು ತರ್ಕ ಹೂಡಿದೆ. ಒಂದು ಬಕೆಟ್ ನೀರಿಗೆ ಒಂದು ಬಟ್ಟಲು ಎಣ್ಣೆಯಾದರೆ, ಒಂದು ಈಜುಕೊಳಕ್ಕೆ?

ಬಾಟಲಿ ಖಾಲಿಯಾಯಿತು.

ಕೊನೆಯಲ್ಲಿ ಉಳಿದಿದ್ದನ್ನು ನಾನೂ ಹಚ್ಚಿಕೊಂಡೆ. ನೀರಿಗೆ ಇಳಿಯುವವರು ಇಬ್ಬರು ತಾನೇ?

ಈಜುಕೊಳದ ಉಸಾಬರಿ ನಿನಗೆ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ವೀಣಾ ಮಲ್ಲಾಪುರದಲ್ಲಿ ಟೀಚರು. ರಜೆ ಮುಗಿದು ಸೋಮವಾರದಿಂದ ಶಾಲೆಗೆ ಹೋಗಬೇಕು. ನನ್ನದು ಸಂಜೆ ಪಾಳಿ. ಹಗಲು ಮಗುವನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಾಗ ಅವಳು ನನ್ನನ್ನು ನೆತ್ತಿಯಿಂದ ಹಿಮ್ಮಡಿವರೆಗೆ ಒಮ್ಮೆ ನೋಡಿದಳು.

"ಶನಿವಾರ ನಂಗೆ ಕಾಗದಪತ್ರ ಕೊಡೂಕೆ ಶಾಲೆಗೆ ಹೋಗೂದಿದೆ. ಅವತ್ತು ಒಂದು ಹೊತ್ತು ನೋಡ್ಕಂಡು ತೋರ್ಸಿ. ನೆಟ್ಟಗಾದ್ರೆ ಆಯ್ತು. ಇಲ್ದಿದ್ರೆ ಆಯಿಗೆ ಬರೂಕೆ ಹೇಳ್ತೆ."

ಆಯಿ ಎಂದರೆ ಅವಳ ತಾಯಿ, ಅದೇ ನಮ್ಮತ್ತೆ. ಅತ್ತೆ ಒಳ್ಳೆಯವರು. ಆದರೆ ಅವರಿದ್ದ ಕಡೆ ನಾನು ಅಪ್ಪನಲ್ಲ, ಮಗು ನೋಡಲು ಬಂದ ನೆಂಟ. ಬಾಣಂತನದ ದಿನಗಳಲ್ಲಿ ಪ್ರತಿ ಭಾನುವಾರ ಕಾರವಾರದಿಂದ ಬಸ್ ಹತ್ತಿ ಹೋಗುತ್ತಿದ್ದೆ. "ಕೈ ತೊಳದ್ರಾ? ಕುತ್ಕಳಿ. ಕತ್ತು ಹಿಡೀರಿ, ಕತ್ತು! ಸಾಕು, ಕೊಡಿ ಇತ್ತ." ಅಲ್ಲಿಗೆ ನನ್ನ ಪಿತೃತ್ವ ಮುಗಿಯುತ್ತಿತ್ತು. ಮುಂದಿನ ಬಸ್ಸಿಗೆ ವಾಪಸ್. ಈಗ ಕಾರವಾರದ ಪಕ್ಕ ಶಿರವಾಡದ ನಮ್ಮ ಎರಡು ಕೋಣೆಯ ಮನೆಯಲ್ಲೂ ಅದೇ ಆದರೆ? ನನಗೆ ನನ್ನ ಮಗಳು ಬೇಕಿತ್ತು ಮಾರಾಯ್ರೆ!

ಆ ಶನಿವಾರ ಮಗುವಿಗೆ ರಾಗಿ ಮಣ್ಣಿ ಉಣಿಸಿ ಮಲಗಿಸಿದ್ದರೆ ಪಾಸಾಗುತ್ತಿದ್ದೆ. ನನಗೆ ರ್‍ಯಾಂಕ್ ಬೇಕಾಗಿತ್ತು. ಮೊಬೈಲಿನಲ್ಲಿ ಎಲ್ಲೆಲ್ಲಿಯದೋ ಶಿಶುಗಳು ನೀರೊಳಗೆ ಕಣ್ಣುಬಿಟ್ಟುಕೊಂಡು ಮೀನಿನಂತೆ ಹೋಗುತ್ತಿದ್ದವು. ಇತ್ತ ನಾನು ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದೂ ಈಜು ಬಾರದ ಅಪರೂಪದ ಪ್ರಾಣಿ. ಮಗಳು ಹಾಗಾಗಬಾರದು. ಸಮುದ್ರಕ್ಕಾದರೆ ಅಲೆ ಉಂಟು, ನನಗೆ ಹೆದರಿಕೆ. ಆದ್ದರಿಂದ ಊರ ಹೊರಗಿನ ಒಂದು ರೆಸಾರ್ಟಿನ ಈಜುಕೊಳ. ಅದರ ಪಕ್ಕ ಮಕ್ಕಳಿಗೆಂದು ಮೊಳಕಾಲುದ್ದದ ಇನ್ನೊಂದು ಪುಟ್ಟ ಕೊಳ.

ವೀಣಾ ಬಸ್ ಹತ್ತಿದ ಹತ್ತನೇ ನಿಮಿಷಕ್ಕೆ ನಾವು ರಿಕ್ಷಾ ಹತ್ತಿದೆವು. ಹತ್ತಿದ್ದೇನೋ ಹತ್ತಿದೆವು, ಕೂರಲಿಕ್ಕಾಗಲಿಲ್ಲ. ಟವೆಲಿನಲ್ಲಿ ಸುತ್ತಿದ ಮಗುವನ್ನು ಎದೆಗೆ ಅವಚಿಕೊಂಡಿದ್ದೆ. ರಿಕ್ಷಾ ಎಡಕ್ಕೆ ತಿರುಗಿದರೆ ಸೀಟಿನ ಬಲತುದಿಗೆ, ಬಲಕ್ಕೆ ತಿರುಗಿದರೆ ಎಡತುದಿಗೆ ಜಾರುತ್ತಿದ್ದೆ. ರಿಕ್ಷಾದವ ಕನ್ನಡಿಯಲ್ಲಿ ನೋಡಿ ಮೂಗು ಅರಳಿಸಿದ.

"ಎಂತಾ ಮಾರಾಯಾ, ಘಮಘಮ? ಅಪ್ಪ ಮಗಳು ಸೀದಾ ಬಾಣಲೆಗೆ ಹೊಂಟ್ರಾ?"

ಮಗಳು ನಕ್ಕಳು. ನಾನು ಗಂಭೀರವಾಗಿ ಇನ್ನೊಂದು ತುದಿಗೆ ಜಾರಿದೆ.

ಕೊಳ ನೋಡಿಕೊಳ್ಳುವವರು ಚೆಂಡಿಯಾ ಕಡೆಯ ದಾಮೋದರಣ್ಣ. ಉದ್ದ ಕೋಲಿನ ಬಲೆಯಲ್ಲಿ ನೀರಿನ ಮೇಲಿನ ಎಲೆ ತೆಗೆಯುತ್ತಿದ್ದರು.

"ಮೊದ್ಲು ಶವರಿನಲ್ಲಿ ನಿಂತು ಮೈ ತೊಳ್ಕಳಿ" ಎಂದರು.

ನಿಂತೆವು. ಕೆಸುವಿನೆಲೆಯ ಮೇಲೆ ಸುರಿದ ನೀರು ಹೇಗೆ ಮುತ್ತಾಗಿ ಉರುಳುತ್ತದೆಯೋ ಹಾಗೆ ನಮ್ಮ ಮೇಲಿನ ನೀರು ಉರುಳಿಹೋಯಿತು. ಒಂದು ಹನಿಯೂ ನಿಲ್ಲಲಿಲ್ಲ! ಆಗಲಾದರೂ ನನಗೆ ಹೊಳೆಯಬೇಕಿತ್ತು.

ಚಿಕ್ಕ ಕೊಳಕ್ಕೆ ಇಳಿದೆ. ಮಗುವಿನ ಕಂಕುಳಿಗೆ ಕೈಕೊಟ್ಟು ಪಾದ ಅದ್ದಿದೆ. ಅವಳು ಕೇಕೆ ಹಾಕಿದಳು. ಸೊಂಟದವರೆಗೆ ಅದ್ದಿದೆ. ಮತ್ತೂ ಜೋರು ಕೇಕೆ! ನನ್ನ ಜೀವನದ ಅತಿ ದೊಡ್ಡ ಯಶಸ್ಸು ಅದೇ. ಬಹುಶಃ ಅರ್ಧ ನಿಮಿಷ ಇತ್ತು.

ಅಷ್ಟರಲ್ಲಿ ಅವಳ ಡೈಪರ್ ನೀರು ಕುಡಿಯತೊಡಗಿತು. ಕೊಳವನ್ನೇ ಬತ್ತಿಸುವ ಹಟ ತೊಟ್ಟಂತೆ ಕುಡಿಯಿತು. ಊದಿ ಊದಿ ಕಲ್ಲಂಗಡಿಯಾಯಿತು. ಮೇಲೆ ಎಣ್ಣೆ, ಕೆಳಗೆ ಕಲ್ಲಂಗಡಿ. ಮಗಳು ನನ್ನ ಕೈಯಿಂದ ಇಂಚಿಂಚೇ ಜಾರುತ್ತಿದ್ದಾಳೆ! ಗಟ್ಟಿ ಹಿಡಿದಷ್ಟೂ ಜಾರುತ್ತಾಳೆ. ಗಾಬರಿಯಾಗಿ ಅವಳನ್ನು ತಲೆಯ ಮೇಲಕ್ಕೆ ಎತ್ತಿದೆ. ಆ ರಭಸಕ್ಕೆ ಎಣ್ಣೆ ಹಚ್ಚಿದ ನನ್ನ ಪಾದಗಳು ಟೈಲ್ಸಿನ ಮೇಲೆ ತಮ್ಮ ಪಾಡಿಗೆ ತಾವು ಹೊರಟುಹೋದವು.

ನಾನು ಮುಳುಗಿದೆ. ಮೊಳಕಾಲುದ್ದದ ನೀರಿನಲ್ಲಿ!

ಇಲ್ಲಿ ಮಾತ್ರ ತಮಾಷೆಯಿಲ್ಲ. ನೀರೊಳಗಿನಿಂದ ನನಗೆ ಕಂಡದ್ದು ಮೇಲೆತ್ತಿದ ನನ್ನ ಎರಡು ಕೈ, ಅದರ ತುದಿಯಲ್ಲಿ ಎರಡು ಪುಟ್ಟ ಕಾಲು. ಆ ಕಾಲುಗಳು ಜಾರುವುದು ಬೆರಳಿಗೆ ಗೊತ್ತಾಯಿತು. ಮರುಕ್ಷಣ ಕೈ ಖಾಲಿ.

ತಲೆ ಎತ್ತಿ ನೋಡಿದರೆ ದಂಡೆಯ ಮೇಲೆ ದಾಮೋದರಣ್ಣ ನಿಂತಿದ್ದಾರೆ. ಅವರು ಬಾಗಿ ಮೇಲಕ್ಕೆ ಎಳೆದುಕೊಂಡ ಮಗಳು ಅವರ ಹೆಗಲ ಟವೆಲಿನಲ್ಲಿ ಭದ್ರವಾಗಿದ್ದಾಳೆ, ತಲೆಗೂದಲೂ ಒದ್ದೆಯಾಗಿಲ್ಲ. ಅವರ ಮೀಸೆ ಎಳೆದು ನಗುತ್ತಿದ್ದಾಳೆ.

"ಕೂಸು ಬಚಾವು. ಈಗ ನೀ ಬಾ" ಎಂದು ಎಲೆ ತೆಗೆಯುವ ಕೋಲು ಚಾಚಿದರು. ಹಿಡಿದೆ. ಜಾರಿತು. ಮತ್ತೆ ಹಿಡಿದೆ. ಮತ್ತೆ ಜಾರಿತು. ಮೂರನೇ ಸಲ ಅವರು ನೀರಿನ ಕಡೆ ನೋಡಿದರು. ಕೊಳದ ತುಂಬ ಕಾಮನಬಿಲ್ಲು!

"ಅಲ್ಲಾ ತಮಾ, ಎಂತಾ ಹಚ್ಕಂಡು ಇಳಿದಿಯೋ?"

"ತೆಂಗಿನೆಣ್ಣೆ."

"ಎಷ್ಟು?"

"ಒಂದು ಬಾಟ್ಲಿ."

ಅಲ್ಲೇ ಪ್ರವಾಸಿಗರ ಹುಡುಗಿಯೊಬ್ಬಳು ನೀರಿಗೆ ಇಳಿಯಲು ಬಂದವಳು ಮೂಗು ಮುಚ್ಚಿಕೊಂಡು, "ಅಮ್ಮಾ, ಇದ್ರಲ್ಲಿ ಒಗ್ಗರಣೆ ಹಾಕಿದ್ದಾರೆ!" ಎಂದು ಕೂಗಿ ಓಡಿದಳು.

ಶಿಕ್ಷೆ ಕೂಡಲೇ ಜಾರಿಗೆ ಬಂತು. ಹಳೇ ಪೇಪರಿನ ಕಟ್ಟು ನನ್ನ ಮುಂದೆ ಬಿತ್ತು. ಒಂದೊಂದೇ ಹಾಳೆ ನೀರಿನ ಮೇಲೆ ಹಾಸಬೇಕು, ಎಣ್ಣೆ ಹೀರಿದ ಮೇಲೆ ಎತ್ತಬೇಕು, ಹಿಂಡದೆ ಬುಟ್ಟಿಗೆ ಹಾಕಬೇಕು. ನಾನು ಹಾಸುತ್ತಿದ್ದೆ, ಎತ್ತುತ್ತಿದ್ದೆ. ದಾಮೋದರಣ್ಣ ಕುರ್ಚಿಯಲ್ಲಿ ಕೂತು ಕೊಂಕಣಿಯಲ್ಲಿ ಏನೋ ಗುನುಗುತ್ತ ನನ್ನ ಮಗಳನ್ನು ಮಲಗಿಸಿಯೇಬಿಟ್ಟರು. ನನ್ನ ಕೈಯಲ್ಲಿ ಅವಳು ಇಷ್ಟು ಬೇಗ ಎಂದೂ ಮಲಗಿದವಳಲ್ಲ!

ಆಗ ವೀಣಾಳ ಫೋನು.

"ಮಗು ಮಲಗಿತಾ?"

"ಚೊಲೋ ನಿದ್ದೆ." ಅಪ್ಪಟ ಸತ್ಯ.

ಹಿಂದಿನಿಂದ ದಾಮೋದರಣ್ಣ ಗುಡುಗಿದರು. "ಏ, ಆ ಮೂಲೇಲಿ ಇನ್ನೂ ಎಣ್ಣೆ ತೇಲ್ತಾ ಇದೆ, ನೋಡು!"

"ಯಾರ್ರೀ ಅದು? ಎಂತಾ ಎಣ್ಣೆ?"

"ಟೀವಿ."

"ನಮ್ಮನೆ ಟೀವಿ ಹಾಳಾಗಿ ವಾರ ಆಯ್ತಲ್ರೀ."

ನಾನು ಫೋನ್ ಇಟ್ಟೆ. ಇಟ್ಟೆ ಎನ್ನುವುದಕ್ಕಿಂತ, ಅದೂ ಜಾರಿತು. ಕೊಳಕ್ಕೆ.

ಮನೆ ಮುಟ್ಟಿದಾಗ ವೀಣಾ ಬಾಗಿಲಲ್ಲೇ ನಿಂತಿದ್ದಳು. ಮಗುವನ್ನು ತೆಗೆದುಕೊಂಡು, ನೆತ್ತಿ ಮೂಸಿ, ಕೈಕಾಲು ಎಣಿಸಿ ನೋಡಿದಳು. ಆಮೇಲೆ ನನ್ನನ್ನು ಮೂಸಿದಳು. ನಾನು ಒಂದೂ ಮುಚ್ಚಿಡದೆ ಹೇಳಿದೆ. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ತನ್ನ ಫೋನಿನಲ್ಲಿ ಅಂಕೋಲಾದ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ನನ್ನ ಮುಂದೆ ಹಿಡಿದಳು. "ನಂಗೆ ಹೇಳಿದ್ದನ್ನೇ ಆಯಿಗೂ ಹೇಳಿ."

ಹೇಳಿದೆ. ರಿಕ್ಷಾದಿಂದ ಹಿಡಿದು ಪೇಪರಿನವರೆಗೆ ಎಲ್ಲ.

"ಹುಡ್ಗಿ ಅತ್ತಿತ್ತಾ?"

"ಇಲ್ಲ ಅತ್ತೆ. ನಗ್ತಾ ಇತ್ತು."

"ನೀವು ಅತ್ರಾ?"

"...ಸ್ವಲ್ಪ."

ಆ ಕಡೆ ದೊಡ್ಡ ನಿಟ್ಟುಸಿರು. ಆಮೇಲೆ ಅತ್ತೆ ಬಹಳ ಮೃದುವಾಗಿ ಹೇಳಿದರು:

"ಆಯ್ತು, ಮನಸ್ಸಿಗೆ ಹಚ್ಕಳೂದು ಬೇಡ. ಸೋಮವಾರ ಮೊದಲ ಬಸ್ಸಿಗೇ ನಾ ಬತ್ತೆ. ಹುಡ್ಗಿಗೆ ರಾಗಿ ಮಣ್ಣಿ ಮಾಡ್ವಾಗ ನಿಮಗೂ ಒಂದು ಬಟ್ಟಲು ಜಾಸ್ತಿ ಮಾಡ್ತೆ. ಉಂಡ್ಕಂಡು ಅವಳ ಬಾಜೂಕೆ ಸುಮ್ನೆ ಮಲಗಿ."